ಸೋರಿಯಾಸಿಸ್ ಇರುವವರಲ್ಲಿ ಕೀಲುರೋಗವನ್ನು ಮೊದಲೇ ಗುರುತಿಸುವುದು ಹೇಗೆ? ರಕ್ತದ ವರದಿ ಸರಿಯಿದ್ದರೆ ನಿಶ್ಚಿಂತೆಯಿಂದ ಇರಬಹುದೇ?

ಪ್ರಶ್ನೆ: ಸಾಗರ ತಾಲ್ಲೂಕಿನಿಂದ, ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 47 ವರ್ಷ. ಸೋರಿಯಾಸಿಸ್ ಕಾಣಿಸಿಕೊಂಡು 11 ವರ್ಷಗಳಾದವು. ಮೊಣಕೈ ಮತ್ತು ತಲೆಯಲ್ಲಿ ಮಾತ್ರ ಇದೆ. ಮುಲಾಮು ಹಚ್ಚಿ, ವೈದ್ಯರು ಬರೆದುಕೊಟ್ಟ ಶಾಂಪೂ ಬಳಸಿ ಹತೋಟಿಯಲ್ಲಿ ಇಟ್ಟುಕೊಂಡಿದ್ದಾರೆ. ಚರ್ಮದ ಮಟ್ಟಿಗೆ ಈಗ ನಮಗೆ ದೊಡ್ಡ ಚಿಂತೆಯಿಲ್ಲ.

ಎಂಟು ತಿಂಗಳಿಂದ ಅವರ ಎಡಗಾಲಿನ ಹಿಮ್ಮಡಿ ನೋಯುತ್ತಿದೆ. ಎಕ್ಸ್‌ರೇ ನೋಡಿದ ವೈದ್ಯರು ಮೂಳೆ ಬೆಳೆದಿದೆ ಎಂದು ಹೇಳಿ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಲು ತಿಳಿಸಿದರು. ಮೂರು ತಿಂಗಳಿಂದ ಬಲಗೈ ಬೆರಳುಗಳೂ ಬೆಳಗಿನ ಹೊತ್ತು ಹಿಡಿದುಕೊಳ್ಳುತ್ತಿವೆ. ಅಮ್ಮ ದಿನವೂ ಆರು ಗಂಟೆಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡುವವರು. ಈಗ ಆರು ಗಂಟೆಗೆ ಪುಡಿ ಹಿಡಿದರೆ ಎಳೆ ಸಣ್ಣಗೆ ಬೀಳುವುದಿಲ್ಲ, ಚಿಟಿಕೆಯಿಂದ ಪುಡಿಯೆಲ್ಲ ಒಂದೇ ಕಡೆ ಸುರಿದುಹೋಗುತ್ತದೆ. ಎಂಟು ಗಂಟೆಯ ಹೊತ್ತಿಗೆ ಅದೇ ಕೈ ಅದೇ ರಂಗೋಲಿಯನ್ನು ಸರಾಗವಾಗಿ ಎಳೆಯುತ್ತದೆ. ಪಾತ್ರೆ ತೊಳೆದು, ಅಡುಗೆ ಕೆಲಸ ಮುಗಿಸಿದ ಮೇಲೆ ಕೈ ತಾನಾಗಿ ಬಿಟ್ಟುಕೊಳ್ಳುತ್ತದೆ ಎನ್ನುತ್ತಾರೆ.

ಪೇಟೆಯ ಒಂದು ಆಸ್ಪತ್ರೆಯಲ್ಲಿ ಆರ್‌ಎ ಫ್ಯಾಕ್ಟರ್, ಇಎಸ್‌ಆರ್, ಯೂರಿಕ್ ಆಮ್ಲ ಮೂರನ್ನೂ ಪರೀಕ್ಷಿಸಿದರು. ಮೂರೂ ನಾರ್ಮಲ್ ಬಂದವು. ‘ಸಂಧಿವಾತ ಇಲ್ಲ, ವಯಸ್ಸಿಗೆ ಬರುವ ನೋವು’ ಎಂದು ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. 2006ರಲ್ಲಿ ಬಂದಿದ್ದ ಚಿಕುನ್‌ಗುನ್ಯಾದ ಶೇಷವಿದು ಎಂದು ನೆಂಟರು ಹೇಳುತ್ತಾರೆ. ಆದರೆ ಸೋರಿಯಾಸಿಸ್ ಇರುವವರಿಗೆ ಕೀಲುಗಳಿಗೂ ರೋಗ ಬರಬಹುದು ಎಂದು ಎಲ್ಲಿಯೋ ಓದಿದ ನೆನಪು ನನ್ನನ್ನು ಬಿಡುತ್ತಿಲ್ಲ. ಈ ಹನ್ನೊಂದು ವರ್ಷಗಳಲ್ಲಿ ಅಮ್ಮನ ಚರ್ಮ ನೋಡಿದ ಯಾರೊಬ್ಬರೂ ಅವರ ಕೀಲುಗಳ ಬಗ್ಗೆ ಒಂದು ಮಾತೂ ಕೇಳಿಲ್ಲ. ರಕ್ತದ ವರದಿ ಸರಿಯಿದ್ದರೆ ಈ ರೋಗ ಇಲ್ಲವೆಂದು ತೀರ್ಮಾನಿಸಬಹುದೇ? ಇಲ್ಲವಾದರೆ ಅದನ್ನು ಪತ್ತೆ ಮಾಡುವ ಕ್ರಮ ಯಾವುದು? ತಿಳಿದವರು ದಯವಿಟ್ಟು ಉತ್ತರಿಸಬೇಕು.

ಉತ್ತರ 1: ಹುಬ್ಬಳ್ಳಿಯಿಂದ, ಚರ್ಮರೋಗ ತಜ್ಞೆ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ತೀರ್ಮಾನಿಸಲಾಗದು. ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಜೊತೆಗೆ ಬರುವ ಕೀಲುರೋಗ, ಇದೆ ಅಥವಾ ಇಲ್ಲ ಎಂದು ಹೇಳುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ಆರ್‌ಎ ಫ್ಯಾಕ್ಟರ್ ರುಮಟಾಯ್ಡ್ ಸಂಧಿವಾತಕ್ಕೆ ಸಂಬಂಧಿಸಿದ ಪರೀಕ್ಷೆ. ಸೋರಿಯಾಟಿಕ್ ಆರ್ಥ್ರೈಟಿಸ್ ಇರುವ ಬಹುತೇಕರಲ್ಲಿ ಅದು ನೆಗೆಟಿವ್ ಬರುವುದೇ ಸಹಜ. ಎಷ್ಟರಮಟ್ಟಿಗೆಂದರೆ, ಈ ರೋಗವನ್ನು ವರ್ಗೀಕರಿಸಲು 2006ರಲ್ಲಿ ಪ್ರಕಟವಾದ ಕ್ಯಾಸ್ಪರ್ ಮಾನದಂಡದಲ್ಲಿ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇರುವುದಕ್ಕೇ ಒಂದು ಅಂಕವಿದೆ. ನಿಮ್ಮ ತಾಯಿಯವರಿಗೆ ರೋಗವಿಲ್ಲ ಎನ್ನಲು ಯಾವ ವರದಿಯನ್ನು ಆಧಾರವಾಗಿ ಹಿಡಿದರೋ, ಸೋರಿಯಾಸಿಸ್ ಇರುವವರಲ್ಲಿ ಅದೇ ವರದಿ ರೋಗದ ಕಡೆಗೆ ಬೆರಳು ತೋರಿಸುತ್ತದೆ. ದೇಹದಲ್ಲಿನ ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ ಕೂಡ ಇಂಥ ರೋಗಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಲ್ಲಿ ಏರಿರುವುದಿಲ್ಲ. ಯೂರಿಕ್ ಆಮ್ಲದ ಕಥೆ ಇದಕ್ಕೆ ತಿರುಗುಮುರುಗು: ಕೀಲುರೋಗ ಇಲ್ಲದಿದ್ದರೂ ಸೋರಿಯಾಸಿಸ್ ಇರುವವರಲ್ಲಿ ಅದು ಏರಿರಬಹುದು, ಅದನ್ನು ನೋಡಿ ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲುನೋವು) ಎಂದು ಚಿಕಿತ್ಸೆ ಕೊಟ್ಟಿರುವುದೂ ಉಂಟು.

ಹಾಗಾದರೆ ಪತ್ತೆ ಹೇಗೆ? ಕೇಳಿ ತಿಳಿಯಬೇಕು, ಮುಟ್ಟಿ ನೋಡಬೇಕು. ತಪಾಸಣೆಗಾಗಿ ಹಲವು ಪ್ರಶ್ನಾವಳಿಗಳು ಬಳಕೆಯಲ್ಲಿವೆ. ಅವುಗಳಲ್ಲಿ ಅತ್ಯಂತ ಸರಳವಾದದ್ದು ಇಂಗ್ಲೆಂಡಿನ ಲೀಡ್ಸ್ ಮತ್ತು ಬ್ರಾಡ್‌ಫರ್ಡ್‌ನ ವೈದ್ಯರು ರೂಪಿಸಿ 2009ರಲ್ಲಿ ಪ್ರಕಟಿಸಿದ ‘ಪೆಸ್ಟ್’. ಅದರಲ್ಲಿರುವುದು ಐದೇ ಪ್ರಶ್ನೆ: ಎಂದಾದರೂ ಯಾವುದಾದರೂ ಕೀಲು ಊದಿಕೊಂಡಿತ್ತೇ, ಸಂಧಿವಾತ ಇದೆಯೆಂದು ಎಂದಾದರೂ ವೈದ್ಯರು ಹೇಳಿದ್ದರೇ, ಕೈ ಅಥವಾ ಕಾಲಿನ ಉಗುರುಗಳಲ್ಲಿ ಕುಳಿಗಳಿವೆಯೇ, ಹಿಮ್ಮಡಿ ನೋವು ಬಂದಿತ್ತೇ, ಕಾರಣವಿಲ್ಲದೆ ಕೈಬೆರಳು ಅಥವಾ ಕಾಲ್ಬೆರಳು ಪೂರ್ತಿಯಾಗಿ ಊದಿಕೊಂಡು ನೋಯುತ್ತಿತ್ತೇ. ಮೂರು ಅಥವಾ ಅದಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದರೆ ರುಮಟಾಲಜಿಸ್ಟ್ (ಕೀಲುರೋಗ ತಜ್ಞರು) ಬಳಿಗೆ ಕಳುಹಿಸಬೇಕು.

ಹಿಮ್ಮಡಿಗೂ ಸೋರಿಯಾಸಿಸ್‌ಗೂ ಏನು ಸಂಬಂಧವೆಂದು ಅನೇಕರು ಕೇಳುತ್ತಾರೆ. ಈ ರೋಗದಲ್ಲಿ ಉರಿಯೂತ ಅನೇಕ ವೇಳೆ ಕಾಣಿಸಿಕೊಳ್ಳುವುದು ಸ್ನಾಯುರಜ್ಜು ಮೂಳೆಗೆ ಬಂದು ಅಂಟಿಕೊಳ್ಳುವ ಜಾಗದಲ್ಲಿ. ಹಿಮ್ಮಡಿಯ ಹಿಂಭಾಗ ಮತ್ತು ಅಡಿಭಾಗ ಅಂಥ ದೊಡ್ಡ ಜಾಗಗಳು. ಉಗುರಿನದ್ದೂ ಇದೇ ಕಥೆ. ಬೆರಳನ್ನು ನೇರ ಮಾಡುವ ಸ್ನಾಯುರಜ್ಜಿನ ನಾರುಗಳು ಕೊನೆಯ ಗೆಣ್ಣನ್ನು ದಾಟಿ ಉಗುರಿನ ಬುಡದವರೆಗೂ ಹಬ್ಬಿರುತ್ತವೆ. ಆದ್ದರಿಂದಲೇ ಉಗುರು ಕೆಟ್ಟ ಬೆರಳಿನ ತುದಿಯ ಗೆಣ್ಣು ಊದುವುದನ್ನು ನಾವು ಒಟ್ಟಿಗೆ ನೋಡುತ್ತೇವೆ. ಎಕ್ಸ್‌ರೇಯಲ್ಲಿ ಕಂಡ ಮೂಳೆಯ ಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇರುತ್ತದೆ. ಅದನ್ನು ತೋರಿಸಿ ಉಳಿದ ಪ್ರಶ್ನೆಗಳನ್ನು ಮುಚ್ಚಿಬಿಡುವುದು ಸರಿಯಲ್ಲ.

ಚರ್ಮದ ಮೇಲೆ ರೋಗ ಕಡಿಮೆಯಿದ್ದರೆ ಕೀಲುಗಳು ಸುರಕ್ಷಿತ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಅಮೆರಿಕದ ಮಿನೆಸೋಟ ರಾಜ್ಯದ ಓಲ್ಮ್‌ಸ್ಟೆಡ್ ಕೌಂಟಿಯ ರೋಗಿಗಳನ್ನು ದೀರ್ಘಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆಯಲ್ಲಿ ಸೋರಿಯಾಸಿಸ್ ಇದ್ದವರಿಗೆ ಕೀಲುರೋಗದ ಸಂಭವ ಸುಮಾರು ನಾಲ್ಕು ಪಟ್ಟು, ಉಗುರಿನಲ್ಲಿ ಇದ್ದವರಿಗೆ ಸುಮಾರು ಮೂರು ಪಟ್ಟು, ಪೃಷ್ಠಗಳ ನಡುವಿನ ಸಂದಿಯಲ್ಲಿ ಇದ್ದವರಿಗೆ ಎರಡು ಪಟ್ಟಿಗಿಂತ ಹೆಚ್ಚು ಇತ್ತು. ಕೊನೆಯದನ್ನು ಸಂಕೋಚದಿಂದ ರೋಗಿಗಳು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ.

ಇನ್ನು ನಿಮ್ಮ ರಂಗೋಲಿಯ ಮಾತು. ಆರು ಗಂಟೆಗೆ ಬಾರದ ಎಳೆ ಎಂಟು ಗಂಟೆಗೆ ಬರುತ್ತದೆ ಎಂದು ನೀವು ಬರೆದಿರುವುದು ನೀವು ಮಾಡಿಸಿದ ಮೂರು ರಕ್ತಪರೀಕ್ಷೆಗಳಿಗಿಂತ ಹೆಚ್ಚು ಬೆಲೆಯುಳ್ಳ ಮಾಹಿತಿ. ಸವೆತದಿಂದ ಬರುವ ಕೀಲುನೋವು ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ, ಬೆಳಗಿನ ಬಿಗಿತವೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ಉರಿಯೂತದ ಬಿಗಿತ ಅರ್ಧ ಗಂಟೆಯನ್ನು ಮೀರುತ್ತದೆ, ಕೈಗೆ ಕೆಲಸ ಕೊಟ್ಟಂತೆ ಕಡಿಮೆಯಾಗುತ್ತದೆ. ವೈದ್ಯರ ಮುಂದೆ ಈ ಮಾತನ್ನು ಗಂಟೆಯ ಲೆಕ್ಕದೊಡನೆ ಹೀಗೆಯೇ ಹೇಳಿ. ಕೈಕಾಲು ನೋವು ಎಂದಷ್ಟೇ ಹೇಳಿದರೆ ನೋವಿನ ಮಾತ್ರೆಯಷ್ಟೇ ಸಿಗುತ್ತದೆ.

ಚರ್ಮರೋಗ ತಜ್ಞರು ಯಾರೂ ಕೇಳಲಿಲ್ಲ ಎಂಬ ನಿಮ್ಮ ಮಾತು ನನ್ನ ವೃತ್ತಿಯವರಿಗೆ ತಗಲುವಂಥದು, ಅದನ್ನು ನಾನು ಒಪ್ಪುತ್ತೇನೆ. ಸುಮಾರು 70 ಪ್ರತಿಶತ ರೋಗಿಗಳಲ್ಲಿ ಚರ್ಮದ ರೋಗ ಮೊದಲು ಬರುತ್ತದೆ, ಕೀಲಿನದು ಅನೇಕ ವೇಳೆ ಹತ್ತು ವರ್ಷಗಳಷ್ಟು ತಡವಾಗಿ ಬರುತ್ತದೆ. ಆ ಹತ್ತು ವರ್ಷವೂ ರೋಗಿ ಬಂದು ಕೂರುವುದು ನಮ್ಮ ಎದುರಿನ ಕುರ್ಚಿಯಲ್ಲಿ. ನಾವು ಕೇಳದಿದ್ದರೆ ಬೇರೆ ಯಾರಿಗೂ ಕೇಳುವ ಅವಕಾಶವೇ ಇಲ್ಲ.

ಉತ್ತರ 2: ಇಂಗ್ಲೆಂಡಿನಿಂದ, ಚರ್ಮರೋಗ ವಿಭಾಗದ ನರ್ಸ್ (ಊರು ಹಾಸನ ಜಿಲ್ಲೆ)

ನಾನು ಕೆಲಸ ಮಾಡುವ ವಿಭಾಗದಲ್ಲಿ ಮೇಲೆ ಹೇಳಿದ ಐದು ಪ್ರಶ್ನೆಗಳ ಹಾಳೆಯನ್ನು ಸೋರಿಯಾಸಿಸ್ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಕೊಡುತ್ತೇವೆ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಇಲ್ಲಿನ ನೈಸ್ ಸಂಸ್ಥೆ 2012ರಲ್ಲಿ ಹೊರಡಿಸಿದ ಸೋರಿಯಾಸಿಸ್ ಮಾರ್ಗಸೂಚಿಯಲ್ಲಿಯೇ ವರ್ಷಕ್ಕೊಮ್ಮೆ ಕೀಲುರೋಗದ ತಪಾಸಣೆ ಆಗಬೇಕೆಂಬ ಶಿಫಾರಸು ಇದೆ. ಹಾಳೆಯಲ್ಲಿ ಮನುಷ್ಯದೇಹದ ಒಂದು ಚಿತ್ರವೂ ಇರುತ್ತದೆ, ನೋಯುವ ಕೀಲುಗಳಿಗೆ ರೋಗಿ ಗುರುತು ಹಾಕಬೇಕು. ಕಾಯುವ ಕೋಣೆಯಲ್ಲಿಯೇ ಮುಗಿದುಹೋಗುವ ಕೆಲಸವಿದು, ಎರಡು ನಿಮಿಷವೂ ಬೇಡ. ಕಳೆದ ವರ್ಷ ಸೊನ್ನೆ ಅಂಕ ಬಂದವರಿಗೆ ಈ ವರ್ಷ ಮೂರು ಬರಬಹುದು. ಹಾಗಾಗಿ ಒಮ್ಮೆ ಕೇಳಿ ಬಿಡುವಂತಿಲ್ಲ.

ಆದರೆ ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳುವಾಗ ಎಚ್ಚರ ಬೇಕು. ಊರಿಗೆ ಬಂದಾಗ ಸೋರಿಯಾಸಿಸ್ ಇರುವ ನನ್ನ ಸೋದರತ್ತೆಯನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದಾಗ ನನಗಿದು ಅರ್ಥವಾಯಿತು. ‘ಸಂಧಿವಾತ ಇದೆಯೆಂದು ವೈದ್ಯರು ಹೇಳಿದ್ದರೇ’ ಎಂದರೆ ಇಲ್ಲ ಎಂದರು. ‘ವಾಯು, ಗಂಟುನೋವು ಎಂದಿದ್ದರೇ’ ಎಂದು ಕೇಳಿದಾಗ, ‘ಹೌದಲ್ಲ, ಹೋದ ಯುಗಾದಿಯಿಂದ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ’ ಎಂದರು. ಊತದ ವಿಷಯದಲ್ಲೂ ಹಾಗೆಯೇ. ‘ಬೆರಳು ಊದಿತ್ತೇ’ ಎಂದರೆ ಇಲ್ಲ, ‘ಉಂಗುರ ತೆಗೆಯಲು ಆಗದೆ ಸೋಪು ಹಚ್ಚಬೇಕಾಗಿತ್ತೇ, ಕಾಲುಂಗುರ ಬಿಗಿಯಾಗಿ ಬಿಚ್ಚಿಟ್ಟಿದ್ದಿರೇ’ ಎಂದರೆ ಹೌದು. ಇಡೀ ಬೆರಳು ಊದುವುದನ್ನು ವಿವರಿಸಲು ನಾನು ಏಲಕ್ಕಿ ಬಾಳೆಹಣ್ಣನ್ನು ತೋರಿಸಿದೆ. ಒಂದು ಗೆಣ್ಣು ಮಾತ್ರ ಉಬ್ಬುವುದು ಬೇರೆ, ಬುಡದಿಂದ ತುದಿಯವರೆಗೆ ಬೆರಳು ಒಂದೇ ಸಮನೆ ದಪ್ಪವಾಗುವುದು ಬೇರೆ. ಎರಡನೆಯದು ಈ ರೋಗದ ಬಲವಾದ ಗುರುತು.

ಉಗುರುಗಳನ್ನು ಕೇಳಿ ತಿಳಿಯುವುದಕ್ಕಿಂತ ನೋಡಿ ತಿಳಿಯುವುದು ಉತ್ತಮ. ಅರಿಶಿನ, ಗೋರಂಟಿ, ನೇಲ್ ಪಾಲಿಶ್ ಇವುಗಳ ಅಡಿಯಲ್ಲಿ ಸೂಜಿಯಿಂದ ಚುಚ್ಚಿದಂತಿರುವ ಸಣ್ಣ ಕುಳಿಗಳು ಮರೆಯಾಗುತ್ತವೆ. ಬಣ್ಣ ತೆಗೆದು, ಕಿಟಕಿಯ ಬೆಳಕಿನಲ್ಲಿ ಬೆರಳನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಅವು ಸ್ಪಷ್ಟವಾಗಿ ಕಾಣುತ್ತವೆ. ಉಗುರು ಮಾಂಸದಿಂದ ಬಿಟ್ಟುಕೊಂಡು ತುದಿ ಬೆಳ್ಳಗಾಗುವುದನ್ನೂ ಗಮನಿಸಬೇಕು. ಕಾಲಿನ ಉಗುರನ್ನು ನೋಡಿ ಫಂಗಸ್ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದವರನ್ನು ನಾನು ಇಲ್ಲಿಯೂ ಕಂಡಿದ್ದೇನೆ.

ಮೂರು ಅಂಕ ಬಂದ ಎಲ್ಲರಿಗೂ ರೋಗ ಇದೆ ಎಂದರ್ಥವಲ್ಲ. ಮಂಡಿ ಸವೆದ ಹಿರಿಯರಿಗೂ ಎರಡು ಮೂರು ಅಂಕ ಸುಲಭವಾಗಿ ಬಂದುಬಿಡುತ್ತದೆ. ಹಾಗೆಯೇ ಎರಡೇ ಅಂಕ ಬಂದರೂ ಬೆರಳು ಇಂದು ಊದಿಕೊಂಡು ಕಣ್ಣಿಗೆ ಕಾಣುತ್ತಿದ್ದರೆ ಅಂಕ ನೋಡುತ್ತ ಕೂರಬಾರದು. ಯಾರನ್ನು ತಜ್ಞರ ಬಳಿಗೆ ಕಳುಹಿಸಬೇಕು ಎಂಬುದನ್ನಷ್ಟೇ ಈ ಹಾಳೆ ಹೇಳುತ್ತದೆ, ರೋಗನಿರ್ಣಯ ತಜ್ಞರದು.

ಉತ್ತರ 3: ದಾವಣಗೆರೆಯಿಂದ, ರೋಗಿ, 39 ವರ್ಷ

ಮೇಲಿನ ಇಬ್ಬರೂ ಹೇಳದೆ ಬಿಟ್ಟ ಒಂದು ವಿಷಯವನ್ನು ನನ್ನ ಅನುಭವದಿಂದ ಸೇರಿಸಬೇಕಾಗಿದೆ. ಆ ಐದು ಪ್ರಶ್ನೆಗಳಲ್ಲಿ ಬೆನ್ನಿನ ಬಗ್ಗೆ ಒಂದೂ ಪ್ರಶ್ನೆಯಿಲ್ಲ.

ನನಗೆ 24ನೇ ವಯಸ್ಸಿನಲ್ಲಿ ಸೋರಿಯಾಸಿಸ್ ಬಂತು, 33ರಲ್ಲಿ ಬೆನ್ನುನೋವು. ದಿನವಿಡೀ ಕುಳಿತು ಕೆಲಸ ಮಾಡುವವನಾದ್ದರಿಂದ ಕುರ್ಚಿಯದೇ ತಪ್ಪೆಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ರಾತ್ರಿ ಮೂರು ಗಂಟೆಯ ಹೊತ್ತಿಗೆ ಸೊಂಟದ ಕೆಳಗೆ ನೋವು ಎಚ್ಚರಿಸುತ್ತಿತ್ತು. ಎದ್ದು ನಡುಮನೆಯಲ್ಲಿ ಹತ್ತು ಸುತ್ತು ನಡೆದರೆ ಮತ್ತೆ ನಿದ್ದೆ ಬರುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ಡಿಸ್ಕ್ ತೊಂದರೆಯೆಂದು ಮೂರು ವಾರ ಮಲಗಿರಲು ಹೇಳಿದರು. ಮಲಗಿದಷ್ಟೂ ನೋವು ಏರಿತು. ಎರಡು ವರ್ಷಗಳ ನಂತರ ಕಾಲಿನ ನಾಲ್ಕನೆಯ ಬೆರಳು ಊದಿಕೊಂಡು ಬೂಟಿನೊಳಗೆ ಹೋಗದಂತಾದಾಗ ಬೆಂಗಳೂರಿನ ರುಮಟಾಲಜಿಸ್ಟ್ ಒಬ್ಬರನ್ನು ಕಂಡೆ. ಅವರು ಮೊದಲು ಕೇಳಿದ ಪ್ರಶ್ನೆಯೇ ‘ವಿಶ್ರಾಂತಿ ತೆಗೆದುಕೊಂಡರೆ ಬೆನ್ನುನೋವು ಕಡಿಮೆಯಾಗುತ್ತದೆಯೋ, ಓಡಾಡಿದರೆ ಕಡಿಮೆಯಾಗುತ್ತದೆಯೋ’ ಎಂಬುದು. ಎಂಆರ್‌ಐಯಲ್ಲಿ ಸೊಂಟದ ಕೀಲುಗಳಲ್ಲಿ ಉರಿಯೂತ ಕಂಡುಬಂತು. ಆ ಕಾಲ್ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಆರು ತಿಂಗಳ ವಿಳಂಬವೂ ಮೂಳೆಯ ಸವೆತಕ್ಕೆ ಮತ್ತು ಮುಂದೆ ಓಡಾಟದ ತೊಂದರೆಗೆ ದಾರಿ ಮಾಡುತ್ತದೆ ಎಂದು ಐರ್ಲೆಂಡಿನ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ನನ್ನದು ಎರಡು ವರ್ಷ. ಆದ್ದರಿಂದ ಸೋರಿಯಾಸಿಸ್ ಇರುವವರಿಗೆ 40ರ ಒಳಗೆ ನಿಧಾನವಾಗಿ ಶುರುವಾಗಿ ಮೂರು ತಿಂಗಳು ಮೀರಿದ ಬೆನ್ನುನೋವಿದ್ದರೆ ಅದನ್ನು ಆರನೆಯ ಪ್ರಶ್ನೆ ಎಂದು ತಿಳಿಯಿರಿ.

ಚಿಕುನ್‌ಗುನ್ಯಾದ ಮಾತು ನನ್ನ ಮನೆಯಲ್ಲೂ ಬಂದಿತ್ತು. 2006ರಲ್ಲಿ ನಮ್ಮ ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ಅಂದಿನಿಂದ ನಮ್ಮ ಕಡೆ ಯಾವ ಕೀಲು ನೋಯಿದರೂ ಅದರ ಹೆಸರು ಹೇಳುವುದು ರೂಢಿಯಾಗಿದೆ. ಜ್ವರದ ನಂತರದ ನೋವು ಕೆಲವರಿಗೆ ತಿಂಗಳು, ವರ್ಷಗಳವರೆಗೂ ಉಳಿದದ್ದು ನಿಜ. ಆದರೆ ನಡುವೆ ಅಷ್ಟು ವರ್ಷ ಸುಮ್ಮನಿದ್ದು ಮೂರು ತಿಂಗಳ ಹಿಂದೆ ಹೊಸದಾಗಿ ಶುರುವಾದ ಬೆರಳಿನ ಬಿಗಿತಕ್ಕೆ ಅದನ್ನು ಕಾರಣ ಮಾಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಅಮ್ಮನನ್ನು ಜಗುಲಿಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಕೇಳಿದೆ. ಹಿಮ್ಮಡಿ ನೋವಿಗೆ ಹೌದು. ಬಲಗೈಯ ಎರಡು ಉಗುರುಗಳಲ್ಲಿ ಕುಳಿಗಳಿವೆ, ಇಷ್ಟು ದಿನ ಅಡಿಕೆ ಸುಲಿದದ್ದರಿಂದ ಹಾಗಾಗಿದೆ ಎಂದುಕೊಂಡಿದ್ದರಂತೆ. ಉಂಗುರದ ಬಗ್ಗೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮದುವೆಯ ಉಂಗುರವನ್ನು ಎರಡು ತಿಂಗಳ ಹಿಂದೆಯೇ ತೆಗೆದು ದೇವರ ಪೆಟ್ಟಿಗೆಯಲ್ಲಿ ಇಟ್ಟಿರುವುದಾಗಿ ಹೇಳಿದರು. ಆ ಬೆರಳಿನ ನಡುಗೆಣ್ಣು ಊದಿಕೊಂಡಿತ್ತಂತೆ, ನಮಗೆ ಯಾರಿಗೂ ತಿಳಿಸಿರಲಿಲ್ಲ. ಅಲ್ಲಿಗೆ ಮೂರು ಆಯಿತು. ಬೆನ್ನುನೋವು ಇಲ್ಲ.

ಮೂರು ವಾರಗಳ ನಂತರಕ್ಕೆ ರುಮಟಾಲಜಿಸ್ಟ್ ಭೇಟಿ ಗೊತ್ತುಮಾಡಿದ್ದೇವೆ. ಅಲ್ಲಿಯವರೆಗೆ ಪರಿಚಯದವರೊಬ್ಬರು ಒಂದು ಪುಡಿಯನ್ನು ಕೊಟ್ಟಿದ್ದಾರೆ, ಎರಡೇ ದಿನಗಳಲ್ಲಿ ನೋವು ಮಾಯವಾಗುತ್ತದೆಯಂತೆ. ಕೊಡಬಹುದೇ? ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಉತ್ತರ 4: ಹುಬ್ಬಳ್ಳಿಯಿಂದ, ಚರ್ಮರೋಗ ತಜ್ಞೆ

ದಯವಿಟ್ಟು ಆ ಪುಡಿಯನ್ನು ಕೊಡಬೇಡಿ. ಎರಡು ದಿನಗಳಲ್ಲಿ ಕೀಲುನೋವು ಮಾಯವಾಗಿಸುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಹೆಚ್ಚು. ಸೋರಿಯಾಸಿಸ್ ಇರುವವರು ಸ್ಟೀರಾಯ್ಡ್ ನುಂಗಿ ಥಟ್ಟನೆ ನಿಲ್ಲಿಸಿದರೆ ಚರ್ಮದ ರೋಗ ಮೈತುಂಬ ಕೆರಳಬಹುದು, ಕೀವುಗುಳ್ಳೆಗಳಾಗಿ ಜೀವಕ್ಕೆ ಅಪಾಯವಾಗುವ ಹಂತಕ್ಕೂ ಹೋಗಬಹುದು. ಅಷ್ಟೇ ಅಲ್ಲ, ತಜ್ಞರು ಮುಟ್ಟಿ ನೋಡುವ ದಿನ ಊತವೇ ಇಳಿದಿದ್ದರೆ ರೋಗ ಮತ್ತೆ ಕೈತಪ್ಪುತ್ತದೆ. ಈಗಾಗಲೇ ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆ ಸಾಕು. ಹೊಟ್ಟೆಯುರಿ, ಬಿಪಿ ಅಥವಾ ಕಿಡ್ನಿಯ ತೊಂದರೆ ಇದ್ದರೆ ಅದನ್ನೂ ಕೇಳಿಯೇ ಕೊಡಿ.

ಊತ ಬಂದ ದಿನವೇ, ಬೆಳಗಿನ ಹೊತ್ತು, ಎರಡೂ ಕೈಗಳನ್ನು ಒಂದರ ಪಕ್ಕ ಒಂದಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಭೇಟಿಯ ದಿನ ಬೆರಳು ಚೆನ್ನಾಗಿದ್ದರೂ ಫೋಟೊ ಮಾತನಾಡುತ್ತದೆ. ಹಳೆಯ ಎಕ್ಸ್‌ರೇ, ರಕ್ತದ ವರದಿಗಳು ಮತ್ತು ಬಳಸಿದ ಎಲ್ಲ ಮುಲಾಮುಗಳ ಹೆಸರು ಜೊತೆಗಿರಲಿ. ತಾಯಿಯವರ ತವರಿನಲ್ಲಿ ಯಾರಿಗಾದರೂ ಸೋರಿಯಾಸಿಸ್ ಇತ್ತೇ ಎಂದು ಕೇಳಿಕೊಂಡು ಹೋಗಿ. ಹಳ್ಳಿಗಳಲ್ಲಿ ಅದನ್ನು ಇಸಬು ಎಂದು ಕರೆದು ಬಿಟ್ಟಿರುತ್ತಾರೆ, ಆ ಹೆಸರಿನಿಂದಲೂ ವಿಚಾರಿಸಿ. ಈ ಮೂರು ವಾರಗಳಲ್ಲಿ ಒಂದು ಕಣ್ಣು ಕೆಂಪಾಗಿ ನೋವಾದರೆ, ಬೆಳಕು ನೋಡಲು ಕಷ್ಟವಾದರೆ, ಕಾಯದೆ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ಕಣ್ಣಿನೊಳಗಿನ ಉರಿಯೂತವೂ ಈ ರೋಗದೊಡನೆ ಬರಬಹುದು.

ರೋಗ ಖಚಿತವಾದರೆ ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್‌ನಂಥ ಔಷಧಿಯ ಮಾತು ಬರುತ್ತದೆ. ಕೀಲುಗಳಿಗೆ ಅದನ್ನು ಕೊಡುವುದು ವಾರಕ್ಕೆ ಒಂದೇ ದಿನ. ದಿನವೂ ಎಂದು ತಪ್ಪಾಗಿ ತಿಳಿದು ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಚೀಟಿಯಲ್ಲಿ ವಾರದ ಹೆಸರನ್ನು ಕನ್ನಡದಲ್ಲಿಯೇ ಬರೆಸಿಕೊಳ್ಳಿ, ಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ಮುಂದೆ ಅಡಾಲಿಮುಮ್ಯಾಬ್‌ನಂಥ ಚುಚ್ಚುಮದ್ದು ಬೇಕಾದರೆ ಅದಕ್ಕೂ ಮೊದಲು ಕ್ಷಯದ ತಪಾಸಣೆ ಆಗಲೇಬೇಕು. ದೇಹದಲ್ಲಿ ಅಡಗಿರುವ ಕ್ಷಯವನ್ನು ಅದು ಎಬ್ಬಿಸಬಲ್ಲದು.

ಉಂಗುರವನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲಿಯೇ ಇರಲು ಬಿಡಿ. ಊದಿದ ಗೆಣ್ಣಿನ ಮೇಲೆ ಬಲವಂತದಿಂದ ಏರಿಸಿದರೆ ಮತ್ತೆ ತೆಗೆಯಲು ಕತ್ತರಿಸಬೇಕಾದೀತು. ಭೇಟಿಯಾದ ಮೇಲೆ ವೈದ್ಯರು ಏನು ಹೇಳಿದರೆಂದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.